ಅಂಟು ಕಾಸುವುದರಿಂದ ಶುರು

ನಮ್ಮ ಮನೆಯಲ್ಲಿ ಗೋಂದಿನ ಬಾಟಲಿ ಅಂತ ಒಂದು ಇರಲಿಲ್ಲ. ರೋಣ ತಾಲ್ಲೂಕಿನ ನಮ್ಮೂರ ಅಂಗಡಿಯಲ್ಲಿ ಬೆಲ್ಲ, ಚಹಾಪುಡಿ, ಬೀಡಿ, ಕಡ್ಡಿಪೆಟ್ಟಿಗೆ ಸಿಗುತ್ತಿದ್ದವು. ಮಕ್ಕಳ ಕೈಕೆಲಸಕ್ಕೆಂದು ಯಾರೂ ಏನನ್ನೂ ಮಾರುತ್ತಿರಲಿಲ್ಲ, ಮಾರಿದ್ದರೂ ಕೊಳ್ಳುವವರಿರಲಿಲ್ಲ. ಜೂನ್‌ನಲ್ಲಿ ಸಾಲಿ ತೆರೆದು ಪುಸ್ತಕ ಕೈಗೆ ಬಂದ ದಿನವೇ ಅಂಟಿನ ಗಲಾಟೆ ಏಳುತ್ತಿತ್ತು. ಪುಸ್ತಕಕ್ಕೆ ಹೊದಿಕೆ ಹಾಕಬೇಕು. ಹೊದಿಕೆಗೆ ಹಳೆಯ ‘ಸಂಯುಕ್ತ ಕರ್ನಾಟಕ’ದ ಹಾಳೆ. ಅಂಟಿಗೆ ಆಯಿ.

ಆಯಿ, ಅಂದರೆ ಅಪ್ಪನ ಅವ್ವ, ಎರಡು ಥರದ ಅಂಟು ಬಲ್ಲವಳು. ಅವಸರಕ್ಕೆ ಮೈದಾದ್ದು. ಅದನ್ನು ತಾನು ಮಾಡಿಕೊಡುತ್ತಿರಲಿಲ್ಲ, ಒಲೆಯ ಮುಂದೆ ನಮ್ಮನ್ನೇ ಕೂರಿಸಿ ಮಾಡಿಸುತ್ತಿದ್ದಳು. “ಬಿಸಿನೀರಾಗ ಹಿಟ್ಟ ಸುರೀಬ್ಯಾಡವ್ವಾ, ಗಂಟ ಕಟ್ತೈತಿ. ಮೊದ್ಲ ತಣ್ಣೀರಾಗ ಕಲಿಸ್ಕೋ.” ಒಂದು ಚಮಚ ಹಿಟ್ಟಿಗೆ ಏಳೆಂಟು ಚಮಚ ನೀರು, ಸಣ್ಣ ಉರಿ, ಕೈಬಿಡದೆ ತಿರುವುವುದು. ತೆಳ್ಳಗೆ ಬೆಳ್ಳಗೆ ಇದ್ದದ್ದು ನೋಡನೋಡುತ್ತ ಮಬ್ಬಾಗಿ, ಚಮಚ ಭಾರವಾಗಿ, ಮೇಲೊಂದು ಹೊಳಪು ಬರುತ್ತದೆ. ಆ ಗಳಿಗೆ ಹಿಡಿಯುವುದೇ ವಿದ್ಯೆ. ಮುಂಚೆ ಇಳಿಸಿದರೆ ಕಾಗದ ತೊಯ್ದು ಸುಕ್ಕಾಗುತ್ತದೆ, ತಡಮಾಡಿದರೆ ಆರಿದ ಮೇಲೆ ಚಕ್ಕೆ ಏಳುತ್ತದೆ. ಪೇಟೆಯ ಬೈಂಡಿಂಗಿನವರು ಹುಳ ಹತ್ತದಿರಲೆಂದು ಇದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು. ಅದು ವಿಷ, ಮಕ್ಕಳು ಮುಟ್ಟುವ ಅಂಟಿಗೆ ಕೂಡದು. ಆಯಿ ಬೇವಿನೆಲೆ ಕುದಿಸಿ ಆರಿಸಿದ ನೀರಲ್ಲೇ ಹಿಟ್ಟು ಕಲಸಲು ಹೇಳುತ್ತಿದ್ದಳು. ಎರಡು ಮೂರು ದಿನಕ್ಕೆ ಹುಳಿವಾಸನೆ ಬಂತೋ, ಚೆಲ್ಲಿ ಹೊಸದು ಕಾಸಿದರಾಯಿತು.

ಗಟ್ಟಿ ಕೆಲಸಕ್ಕೆ ಹುಣಸೆಬೀಜದ ಅಂಟು. ಬೀಜ ಹುರಿದು, ಗುಂಡುಕಲ್ಲಿನಿಂದ ಜಜ್ಜಿ ಕೆಂಪು ಸಿಪ್ಪೆ ಬಿಡಿಸಿ, ಒಳಗಿನ ಬಿಳಿ ಬೇಳೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒರಳಲ್ಲಿ ನುಣ್ಣಗೆ ಅರೆದು, ನೀರು ಬೆರೆಸಿ ಕುದಿಸಬೇಕು. ಹುರಿದ ಬೀಜದಲ್ಲಿ ಅರ್ಧ ನಮ್ಮ ಬಾಯಿಗೇ ಹೋಗುತ್ತಿತ್ತು, ಆ ಮಾತು ಬೇರೆ. ಕಂಬಳಿ ನೇಯುವವರು ನೂಲು ಗಟ್ಟಿಯಾಗಲೆಂದು ಬಳಿಯುವುದೂ ಇದೇ ಗಂಜಿ. ಎಷ್ಟೋ ವರ್ಷಗಳ ಮೇಲೆ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಹೋದಾಗ ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಅದೇ ವಾಸನೆ ಮೂಗಿಗೆ ಬಂತು. ಹಗುರ ಮರದಲ್ಲಿ ಕೆತ್ತಿದ ತುಂಡುಗಳನ್ನು ಕೂಡಿಸಿ, ಗೋಣಿನಾರಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ ಮೆತ್ತಿ ಸಂದು ಮುಚ್ಚುತ್ತಾರೆ. ಕಲ್ಲಿನ ಪುಡಿಯ ಲೇಪದಿಂದ ಒಡವೆಗಳನ್ನು ಉಬ್ಬಿಸುತ್ತಾರೆ. ಬಣ್ಣ ಬರುವುದು ಎಲ್ಲಕ್ಕಿಂತ ಕೊನೆಗೆ. ದೇವರ ಮೂರ್ತಿಗಳನ್ನು ಹಿಡಿದು ನಿಲ್ಲಿಸುವ ಆ ಅಂಟಿನಿಂದ ನಾವು ಹರಿದ ಭೂಗೋಳದ ಪುಸ್ತಕ ಅಂಟಿಸುತ್ತಿದ್ದೆವಲ್ಲ ಎಂದು ನನಗೆ ನಗು ಬಂತು.

ಇನ್ನು ಜಾಲಿಗಿಡದ ಅಂಟು. ಹೊಲದ ಬದುವಿನಲ್ಲಿ ತೊಗಟೆ ಸೀಳಿದ ಕಡೆ ಜೇನುಬಣ್ಣದ ಹನಿಗಳು ಗಟ್ಟಿಯಾಗಿ ಕೂತಿರುತ್ತಿದ್ದವು. ಬಿಡಿಸಿ ತಂದು ನೀರಲ್ಲಿ ಹಾಕಿಟ್ಟರೆ ಮರುದಿನಕ್ಕೆ ಕರಗುತ್ತದೆ, ಬೆಂಕಿಯೇ ಬೇಡ. ಇದಕ್ಕೆ ಚಿಮಣಿಯ ಕಾಡಿಗೆ ಕೂಡಿಸಿ ಅರೆದರೆ ಕರಿಮಸಿ. ಒಳ್ಳೆಯ ಅಂಟಾದರೆ ಮಾತ್ರ ಅವ್ವ ನಮ್ಮ ಕೈಗೆ ಕೊಡದೆ ಡಬ್ಬಿಗೆ ಸೇರಿಸುತ್ತಿದ್ದಳು. ತುಪ್ಪದಲ್ಲಿ ಕರಿದು ಬಾಣಂತಿಗೆ ಅಂಟಿನುಂಡಿ ಕಟ್ಟಲಿಕ್ಕೆ. ಅಂಟಿಸಲಿಕ್ಕೂ ಅದೇ, ತಿನ್ನಲಿಕ್ಕೂ ಅದೇ. ಈಗ ಮಕ್ಕಳ ಸಾಮಾನಿನ ಮೇಲೆ ‘ವಿಷಕಾರಿಯಲ್ಲ’ ಎಂದು ಅಚ್ಚು ಹಾಕಿ ಅದಕ್ಕೊಂದಿಷ್ಟು ಹೆಚ್ಚಿಗೆ ದುಡ್ಡು ಕೇಳುತ್ತಾರೆ.

ಆಟಿಕೆಯ ಕಾಲವನ್ನು ನಮಗೆ ಗೊತ್ತುಮಾಡುತ್ತಿದ್ದದ್ದು ಹೊಲ. ಹಿಂಗಾರಿ ಬಿಳಿಜೋಳ ಕೊಯ್ದು, ತೆನೆ ಮುರಿದು, ದಂಟು ಒಟ್ಟಿ ಬಣವಿ ಹಾಕಿದರೆಂದರೆ ಅದು ಚಕ್ಕಡಿ ಮಾಡುವ ಕಾಲ. ನನ್ನ ಕಾಕಾ ಇದರಲ್ಲಿ ಪಳಗಿದ ಕೈ. ಬಣವಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ದಂಟು ಎಳೆದು ನೋಡುವನು. ಹುಳ ಕೊರೆದದ್ದು ಬೇಡ, ಗಣ್ಣು ಹತ್ತಿರ ಹತ್ತಿರ ಇದ್ದದ್ದು ಬೇಡ. ನೆಟ್ಟಗಿನದು ಸಿಕ್ಕರೆ ಗಣ್ಣಿಗೊಂದು ತುಂಡು ಮುರಿದು, ಉಗುರಿನಿಂದ ತುದಿ ಎಬ್ಬಿಸಿ, ಸಿಬಿರನ್ನು ಸರ್ರನೆ ಉದ್ದಕ್ಕೂ ಸೀಳುವನು. ಒಳಗೆ ಬಿಳೀ ಬೆಂಡು. ಸಿಬಿರು ಬ್ಲೇಡಿನಷ್ಟು ಹರಿತ, ಹಲ್ಲಿನಿಂದ ಸುಲಿಯಲು ಹೋದವರ ತುಟಿ ಕೊಯ್ಯದೆ ಬಿಡುತ್ತಿರಲಿಲ್ಲ. ಚಕ್ಕಡಿಗೆ ಅಂಟು ಬೇಡ, ಮೊಳೆ ಬೇಡ, ದಾರ ಬೇಡ. ಬೆಂಡಿಗೆ ಸಿಬಿರು ಚುಚ್ಚಿದರೆ ಬೆಂಡೇ ಅದನ್ನು ಕಚ್ಚಿ ಹಿಡಿಯುತ್ತದೆ. ಎರಡು ಉದ್ದ ಬೆಂಡಿನ ನಡುವೆ ಸಿಬಿರಿನ ಅಡ್ಡಪಟ್ಟಿ, ಮುಂದೆ ನೊಗ, ಎರಡೂ ಪಕ್ಕಕ್ಕೆ ಗೂಟ. ಗಾಲಿಗೆ ಹರಿದ ಹವಾಯಿ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿದ್ದು. ಉಳಿದ ಸಿಬಿರಿನಲ್ಲಿ ಚಸ್ಮಾ. ಸಿಬಿರನ್ನು ಬಳೆಯಾಗಿ ಬಗ್ಗಿಸಿ ಎರಡೂ ತುದಿ ಬೆಂಡಿಗೆ ಚುಚ್ಚಿ, ಅಂಥವೆರಡನ್ನು ಕೂಡಿಸಿ, ಕಿವಿಗೆ ಕಡ್ಡಿ ಸಿಗಿಸಿದರೆ ಮುಗಿಯಿತು.

ಬಗ್ಗಿಸುವಾಗ ಒಣ ಸಿಬಿರು ಟಪ್ಪನೆ ಮುರಿಯುತ್ತದೆ. ಕಾಕಾ ಏನೂ ಹೇಳದೆ ತನ್ನ ಸಿಬಿರನ್ನು ಎತ್ತಿನ ನೀರಿನ ಕಲ್ಬಾನಿಯಲ್ಲಿ ಅದ್ದಿ ತೆಗೆದ. ಅದು ಬಾಗಿತು. ನಾವೂ ಹೋಗಿ ಅದ್ದಿದೆವು. ಆಮೇಲೆ ಟೀಚರ್ ಆದಾಗ ತರಬೇತಿಗಳಲ್ಲಿ ‘ಅನ್ವೇಷಣಾ ವಿಧಾನ’ ಎಂಬ ಮಾತನ್ನು ಎಷ್ಟು ಸಲ ಕೇಳಿದೆನೋ! ಪ್ರತಿಸಲವೂ ನನ್ನ ಕಣ್ಣಿಗೆ ಕಟ್ಟಿದ್ದು ಆ ಕಲ್ಬಾನಿ.

ಮಳೆ ಬಿದ್ದ ಮೇಲೆ ಮಣ್ಣಿನ ಕಾಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದಲ್ಲಿ ಪಂಚಮಿಯ ನಾಗಪ್ಪ, ಭಾದ್ರಪದಕ್ಕೆ ಗಣಪ್ಪ. ಉತ್ತರ ಕರ್ನಾಟಕದ ಮಕ್ಕಳಿಗೆ ಹಬ್ಬದ ಪಂಚಾಂಗವೇ ಎರಡು ತಿಂಗಳ ಮಣ್ಣಿನ ಕೋರ್ಸು ಇಟ್ಟುಕೊಟ್ಟಿತ್ತು. ಅದೂ ಸುಲಭದಿಂದ ಕಷ್ಟಕ್ಕೆ ಅಲ್ಲ, ಮೊದಲಿಗೇ ಕಷ್ಟದ್ದು: ನಾಲ್ಕು ಕಾಲಿನ ಮೇಲೆ ನಿಲ್ಲಬೇಕಾದ ಎತ್ತು. ನಾಗಪ್ಪ ಹೊಸೆದರೆ ಆಯಿತು. ಎತ್ತು ಹಾಗಲ್ಲ, ನಿಲ್ಲಬೇಕು, ಕೊಂಬು ಹೊರಬೇಕು, ಜೊತೆಗೆ ತನ್ನ ಜೋಡಿಯ ಎತ್ತಿಗೆ ಸರಿಸಮ ಇರಬೇಕು.

ನಮ್ಮದು ಎರೆಮಣ್ಣಿನ ಸೀಮೆ. ಹತ್ತಿಗೆ, ಜೋಳಕ್ಕೆ, ಕಡಲೆಗೆ ಅದು ಬಂಗಾರ. ಗೊಂಬೆಗೆ ಮಾತ್ರ ಕಾಟ. ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕು ಬಿಡುವುದೂ ಅದಕ್ಕೇ. ಸಂಜೆ ಮಾಡಿಟ್ಟ ಎತ್ತು ಬೆಳಗಾಗುವಷ್ಟರಲ್ಲಿ ಕುತ್ತಿಗೆಯ ಹತ್ತಿರ ಸೀಳಿರುತ್ತಿತ್ತು. ಓಣಿಯ ದೊಡ್ಡ ಹುಡುಗಿಯರು ಉಪಾಯ ಬಲ್ಲವರು. ಎರೆಗೆ ಒಂದು ಪಾಲು ಕೆರೆಯ ಕೆಮ್ಮಣ್ಣು, ಸೋಸಿದ ಬೂದಿ, ಹಿಡಿ ಅರಳೆ. ಅರಳೆಯನ್ನು ಬಿಡಿಬಿಡಿಯಾಗಿ ಹಿಂಜಿ ಮಣ್ಣಿನಲ್ಲಿ ನಾದಿದರೆ ಅದರ ಎಳೆಗಳು ಮಣ್ಣನ್ನು ಒಳಗಿನಿಂದ ಹಿಡಿದುಕೊಳ್ಳುತ್ತವೆ. ಕಾಲಿಗೆ ಜೋಳದ ಸಿಬಿರು ಒಳಗಿಡಬೇಕು. ಕೊಂಬು, ಬಾಲ, ಡುಬ್ಬ ಕೂಡಿಸುವಾಗ “ಎರಡೂ ಕಡೆ ಗೀರಿ, ನಡಕ ರಾಡಿ ಹಚ್ಚು” ಎನ್ನುವರು. ಬಿಸಿಲಿಗೆ ಇಡಬಾರದು; ಮೇಲ್ಮೈ ಮೊದಲು ಒಣಗಿ ಒಳಗಿನ ಹಸಿಯ ಮೇಲೆ ಬಿಗಿದು ಒಡೆಯುತ್ತದೆ. ನೆರಳಿನಲ್ಲಿ, ಮೇಲೊಂದು ಒದ್ದೆ ಅರಿವೆ ಹೊದಿಸಿ, ನಿಧಾನ. ಕಣ್ಣಿಗೆ ಜೋಳದ ಕಾಳು ಅಥವಾ ಕುಸುಬಿ. ಗುಲಗಂಜಿ ಇಟ್ಟರೆ ಚಂದ ಕಾಣುತ್ತದೆ ನಿಜ, ಆದರೆ ಅದನ್ನು ಅಗಿದರೆ ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಎತ್ತಿನ ಮುಂದೆ ಗ್ವಾದಲಿ ಮಾಡುವುದನ್ನು ಮರೆಯುವಂತಿರಲಿಲ್ಲ. ದುಡಿಯುವ ಎತ್ತಿಗೆ ಮೇವಿನ ಜಾಗ ಇಲ್ಲದೆ ಪೂಜೆ ಎಂಥದ್ದು?

ಪೂಜೆ ಮುಗಿದ ಮೇಲೆ ಎತ್ತು ನೀರಿಗೆ. ಇಷ್ಟೆಲ್ಲ ಪಾಡುಪಟ್ಟದ್ದನ್ನು ಕರಗಿಸಿಬಿಡುವುದಕ್ಕೆ ಯಾರೂ ಅತ್ತದ್ದು ನೆನಪಿಲ್ಲ. ಮುಂದಿನ ಮಂಗಳವಾರ ಗುಳ್ಳವ್ವ ಇದ್ದಳಲ್ಲ.

ಟಿ.ಸಿ.ಎಚ್. ಮುಗಿಸಿ ಗದಗ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ನಾನು ‘ಅಕ್ಕೋರು’ ಆದಾಗ ಇದೆಲ್ಲ ಉಪಯೋಗಕ್ಕೆ ಬಂತು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ನಮ್ಮ ಕಡೆಗೂ ಬಂದಿತ್ತು. ಕಾರ್ಡು, ಗುಂಪು, ಚಟುವಟಿಕೆ. ಸರ್ವಶಿಕ್ಷಣ ಅಭಿಯಾನದಲ್ಲಿ ಕಲಿಕೋಪಕರಣಕ್ಕೆಂದು ಶಿಕ್ಷಕರೊಬ್ಬರಿಗೆ ವರ್ಷಕ್ಕೆ 500 ರೂಪಾಯಿ ಕೊಡುತ್ತಿದ್ದರು. ಬಹುತೇಕ ಶಾಲೆಗಳಲ್ಲಿ ಆ ದುಡ್ಡು ಥರ್ಮಾಕೋಲ್, ಬಣ್ಣದ ಚಾರ್ಟು, ಹೊಳೆಯುವ ಕಾಗದ ಆಗುತ್ತಿತ್ತು. ಅಧಿಕಾರಿ ಬಂದಾಗ ಗೋಡೆ ತುಂಬ ಕಂಡರೆ ಸಾಕು. ಮಕ್ಕಳು ಮುಟ್ಟಿದರೆ ಮುರಿದಾವೆಂದು ಕೆಲವರು ಅವನ್ನು ಬೀರುವಿನ ಮೇಲೆ ಇಟ್ಟದ್ದನ್ನೂ ಕಂಡಿದ್ದೇನೆ. ಥರ್ಮಾಕೋಲಿನಲ್ಲಿ ಆಗುವ ಕೆಲಸವೆಲ್ಲ ಜೋಳದ ಬೆಂಡಿನಲ್ಲೂ ಆಗುತ್ತದೆ. ಬೆಂಡು ಕೊಳೆತು ಮಣ್ಣಾಗುತ್ತದೆ, ಥರ್ಮಾಕೋಲ್ ಊರ ಹಳ್ಳದಲ್ಲಿ ವರ್ಷಗಟ್ಟಲೆ ತೇಲುತ್ತದೆ. ನಾನು ದುಡ್ಡನ್ನು ಕತ್ತರಿ, ಸೂಜಿ, ದಾರ, ಮತ್ತೆ ಸೈಕಲ್ ಅಂಗಡಿಯ ವಾಲ್‌ಟ್ಯೂಬಿಗೆ ಹಾಕಿದೆ.

ವಾಲ್‌ಟ್ಯೂಬಿನ ವಿದ್ಯೆ ನನ್ನದಲ್ಲ, ಅರವಿಂದ ಗುಪ್ತಾ ಅವರದು. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರು ಅವರು. 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದವರು ಕಸದಿಂದ ಆಟಿಕೆ ಮಾಡುವುದನ್ನೇ ಬದುಕಿನ ಕೆಲಸ ಮಾಡಿಕೊಂಡರು. 2018ರಲ್ಲಿ ಪದ್ಮಶ್ರೀ ಬಂತು. ಕಡ್ಡಿಪೆಟ್ಟಿಗೆಯ ಕಡ್ಡಿಗಳ ಮದ್ದು ಕೆರೆದು, ವಾಲ್‌ಟ್ಯೂಬಿನ ಚೂರಿಗೆ ಎರಡೂ ಕಡೆಯಿಂದ ಸಿಗಿಸಿದರೆ ಕೀಲು ಸಿದ್ಧ. ನಾಲ್ಕು ಕಡ್ಡಿಯಲ್ಲಿ ಚೌಕ ಮಾಡಿ ಒತ್ತಿದರೆ ಅದು ಓಲಾಡಿ ಬಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಮೂರನೇ ಇಯತ್ತೆಯ ಒಬ್ಬ ಹುಡುಗ, ಓದಿನಲ್ಲಿ ಹಿಂದೆ ಬಿದ್ದವನೆಂದು ಎಲ್ಲರೂ ಕೈಬಿಟ್ಟಿದ್ದವನು, ಓಲಾಡುವ ಚೌಕವನ್ನು ತುಸು ಹೊತ್ತು ದಿಟ್ಟಿಸಿ ನೋಡಿ, ಮೂಲೆಯಿಂದ ಮೂಲೆಗೆ ಉದ್ದನೆಯ ಸಿಬಿರೊಂದನ್ನು ಸಿಗಿಸಿದ. ಚೌಕ ಬಿಗಿಯಿತು. “ಅಕ್ಕೋರೆ, ನಮ್ಮ ಹೊಲದ ಗೇಟಿಗೂ ಹಿಂಗ ಪಟ್ಟಿ ಹೊಡದಾರ್ರಿ!” ಎಂದ. ನನಗೆ ಆ ಪಟ್ಟಿ ಯಾಕೆ ಇರುತ್ತದೆಂದು ಅಲ್ಲಿಯವರೆಗೂ ಹೊಳೆದಿರಲಿಲ್ಲ.

ಬಣ್ಣಕ್ಕೆ ಹೆಚ್ಚು ಹೇಳುವುದೇನಿಲ್ಲ. ಹೋಳಿಯ ಮುಂದೆ ಮುತ್ತಲ ಹೂ ಕುದಿಸಿದರೆ ಕಿತ್ತಳೆ, ಬಸಳೆಹಣ್ಣು ಹಿಚುಕಿದರೆ ನೇರಳೆ, ಇದ್ದಿಲು, ಕೆಮ್ಮಣ್ಣು, ಬಟ್ಟೆಯ ನೀಲಿ. ಮಕ್ಕಳನ್ನು ಬೆರಗುಗೊಳಿಸುವುದು ಅರಿಶಿನ ಒಂದೇ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಸಾಬಾಣದ ನೀರಿನಲ್ಲಿ ಕಡ್ಡಿ ಅದ್ದಿ ಹೆಸರು ಬರೆಯಿರಿ. ಅಕ್ಷರ ಕೆಂಪಗೆ ಮೂಡುತ್ತದೆ. ಮೇಲೆ ಲಿಂಬೆರಸ ಸವರಿದರೆ ಮತ್ತೆ ಹಳದಿ. ಆರತಿಯ ತಟ್ಟೆಯಲ್ಲಿ ಅರಿಶಿನ–ಸುಣ್ಣ ಕೂಡಿ ಕೆಂಪಾಗುವುದನ್ನು ದಿನಾ ಕಂಡ ಮಕ್ಕಳೂ ಇದಕ್ಕೆ ಕಿರುಚಿ ಕುಣಿಯುತ್ತಾರೆ. ಕಾಗದದ ರೊಟ್ಟನ್ನೂ ಮಾಡಿಸುತ್ತಿದ್ದೆ. ರದ್ದಿ ಕಾಗದ ನೆನೆಸಿ, ಮೆಂತ್ಯೆಯ ಜೊತೆ ಕುಟ್ಟಿ, ಕೊಡ ಬೋರಲು ಹಾಕಿ ಮೆತ್ತಿ ಒಣಗಿಸಿದರೆ ಬುಟ್ಟಿ. ಮೆಂತ್ಯೆಯ ಲೋಳೆ ಅಂಟಾಗುತ್ತದೆ, ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲ. ಕುಟ್ಟುವ ಕೆಲಸ ಮಾತ್ರ ಬೆವರಿಳಿಸುವಂಥದ್ದು, ಐದನೆಯ ಇಯತ್ತೆಯ ಕೆಳಗಿನವರಿಗೆ ಹೇಳಬೇಡಿ.

ಈಗ ಬೆಂಗಳೂರಿನ ಮಗಳ ಮನೆಗೆ ಹೋದಾಗ ಮೊಮ್ಮಗಳಿಗೆ ಹುಟ್ಟುಹಬ್ಬಕ್ಕೆ ಬಂದ ‘ಕ್ರಾಫ್ಟ್ ಕಿಟ್’ಗಳನ್ನು ನೋಡುತ್ತೇನೆ. ಸ್ಪಂಜಿನ ಹಾಳೆ ಮೊದಲೇ ಕತ್ತರಿಸಿದೆ, ಹಿಂದೆ ಅಂಟು ಮೊದಲೇ ಬಳಿದಿದೆ, ತುಂಡುಗಳಿಗೆ ನಂಬರು ಹಾಕಿದೆ. ಒಂದರ ಮೇಲೆ ಎರಡು, ಎರಡರ ಮೇಲೆ ಮೂರು. ಅರ್ಧ ಗಂಟೆಯಲ್ಲಿ ಗೂಬೆ ಸಿದ್ಧ, ಡಬ್ಬಿಯ ಚಿತ್ರದಲ್ಲಿ ಇದ್ದ ಹಾಗೆಯೇ. “ಮುಗೀತು ಅಜ್ಜಿ, ಇನ್ನೇನ್ ಮಾಡ್ಲಿ?” ಚಂದದ ಗೂಬೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಟದ ಅರ್ಧ ಭಾಗವನ್ನು ಯಾವುದೋ ಕಾರ್ಖಾನೆ ಆಡಿ ಮುಗಿಸಿ ಉಳಿದದ್ದನ್ನು ಡಬ್ಬಿಯಲ್ಲಿ ಕಳಿಸಿದೆ. ಅಂಟು ಯಾಕೆ ಅಂಟುತ್ತದೆ, ಮಣ್ಣು ಯಾಕೆ ಸೀಳುತ್ತದೆ, ಸಿಬಿರು ಯಾಕೆ ಮುರಿಯುತ್ತದೆ ಎಂಬುದೆಲ್ಲ ಆ ಅರ್ಧದಲ್ಲಿತ್ತು.

ಅಪಾರ್ಟ್‌ಮೆಂಟಿನಲ್ಲಿ ಜೋಳದ ಬಣವಿ ಎಲ್ಲಿಂದ ತರೋಣ? ಅಡುಗೆಮನೆ ಇದೆಯಲ್ಲ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲು ನೀರು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಚೆನ್ನಾಗಿ ನಾದಿದರೆ ಗೊಂಬೆಯ ಹಿಟ್ಟು ತಯಾರು. ಮೊಮ್ಮಗಳು ಮೈದಾ ಆಗುವುದಾದರೆ ಜೋಳದ ಹಿಟ್ಟು ಯಾಕಾಗಬಾರದು ಎಂದು ಕೇಳಿದಳು. ಆಗಲಿ ಎಂದೆ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಹೊಸೆಯಲು ಹೋದಲ್ಲೆಲ್ಲ ಬಿರಿಯಿತು. ಗೋಧಿಯಲ್ಲಿರುವ ಜಿಗುಟು ಅದರಲ್ಲಿಲ್ಲ. “ಹಂಗಾದ್ರ ನೀನು ರೊಟ್ಟಿ ಹೆಂಗ ಬಡೀತಿ?” ಅದೇ ಪ್ರಶ್ನೆ ಬೇಕಾಗಿತ್ತು. ಎಸರು ಕಾಸಿ ಹಿಟ್ಟಿಗೆ ಸುರಿದು ನಾದಿ ಕೊಟ್ಟೆ. ಈಗ ಹಿಟ್ಟು ಕೈಮಾತು ಕೇಳಿತು. ಬಿಸಿನೀರಿಗೆ ಹಿಟ್ಟಿನ ಗಂಜಿ ಬೆಂದು ಅಂಟಾಗುತ್ತದೆ. ಆಯಿ ಒಲೆಯ ಮುಂದೆ ಕಾಸಿಸುತ್ತಿದ್ದ ಮೈದಾದ ಅಂಟಿನದೂ ಇದೇ ಕತೆ. ಆ ದಿನ ಗೊಂಬೆ ಆಗಲೇ ಇಲ್ಲ, ಹಿಟ್ಟಿನ ಮೇಲೇ ಸಂಜೆ ಕಳೆಯಿತು. ಉಪ್ಪಿನ ಹಿಟ್ಟಿನ ಗೊಂಬೆಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಉಪ್ಪು ಗಾಳಿಯ ಪಸೆ ಎಳೆದುಕೊಂಡು ಗೊಂಬೆ ಬೆವರುತ್ತದೆ. ಚೆನ್ನಾಗಿ ಒಣಗಿಸಿ ವಾರ್ನಿಷ್ ಬಳಿದರೆ ತಡೆಯುತ್ತದೆ. ನಾಯಿ ಇರುವ ಮನೆಯಾದರೆ ಅದರ ಬಾಯಿಗೆ ಸಿಗದಂತೆ ಇಡಿ, ಅಷ್ಟು ಉಪ್ಪು ಅದಕ್ಕೆ ಅಪಾಯ.

ನನಗೆ ಸಿಟ್ಟು ಬರುವುದು ಕಿಟ್ಟಿನ ಮೇಲಲ್ಲ, ಶಾಲೆಯ ‘ಪ್ರಾಜೆಕ್ಟ್’ ಮೇಲೆ. ಎರಡನೇ ತರಗತಿಯ ಮಗುವಿಗೆ ನಾಳೆ ಬೆಳಗ್ಗೆಯೊಳಗೆ ಸೌರಮಂಡಲ ಬೇಕಂತೆ. ಮಗು ಮಲಗಿರುತ್ತದೆ, ತಾಯಿ ರಾತ್ರಿ ಹನ್ನೊಂದರವರೆಗೆ ಥರ್ಮಾಕೋಲ್ ಉಂಡೆಗಳಿಗೆ ಬಣ್ಣ ಬಳಿಯುತ್ತಾಳೆ. ಅಷ್ಟೂ ಪುರುಸೊತ್ತಿಲ್ಲದವರಿಗೆ ಶಾಲೆಯ ಎದುರಿನ ಅಂಗಡಿಯಲ್ಲೇ ಜ್ವಾಲಾಮುಖಿ, ಗಾಳಿಯಂತ್ರ, ಮಳೆಕೊಯ್ಲಿನ ಮನೆ ಎಲ್ಲವೂ ತಯಾರಾಗಿ ಸಿಗುತ್ತವೆ. ಮರುದಿನ ಬಹುಮಾನ ಚಂದ ಕಂಡದ್ದಕ್ಕೆ. ವಕ್ರ ಕೊಂಬಿನ ಎತ್ತು ತಂದ ಮಗು ಹಿಂದಿನ ಬೆಂಚಿನಲ್ಲಿ ಅದನ್ನು ಬ್ಯಾಗಿನೊಳಗೇ ಬಚ್ಚಿಟ್ಟುಕೊಂಡು ಕೂರುತ್ತದೆ. ಮನೆಗೆ ಕಳಿಸುವ ಪ್ರಾಜೆಕ್ಟನ್ನು ಮೂರನೇ ಇಯತ್ತೆಯವರೆಗಾದರೂ ನಿಲ್ಲಿಸಬೇಕು. ಕೈಕೆಲಸ ತರಗತಿಯಲ್ಲೇ, ಟೀಚರ ಕಣ್ಣೆದುರೇ ಆಗಲಿ. ನೆಲ ರಾಡಿಯಾಗುತ್ತದೆ, ಆಗಲಿ. ಗುಡಿಸುವುದನ್ನೂ ಮಕ್ಕಳೇ ಕಲಿಯುತ್ತಾರೆ.

ಮನೆಯಲ್ಲಿ ಮಾಡುವವರಿಗೆ ನನ್ನ ಕೋರಿಕೆ ಒಂದೇ. ಬೆಂಕಿ, ಚಾಕು, ಸಿಬಿರು ಇವುಗಳ ಹತ್ತಿರ ಕಣ್ಣಿರಲಿ. ಉಳಿದಂತೆ ನಿಮ್ಮ ಕೈ ನಿಮ್ಮ ಮಡಿಲಲ್ಲಿರಲಿ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಸಂತೆಯಲ್ಲಿ ಬಣ್ಣ ಬಳಿದ ಎತ್ತು ಕೊಳ್ಳಬೇಡಿ, ಮಗುವನ್ನು ಕುಂಬಾರರ ಮನೆಗೇ ಕರೆದೊಯ್ದು ಒಂದು ಮುದ್ದೆ ಹದಮಣ್ಣು ಕೇಳಿ. ಬೆಂಗಳೂರಿನವರಿಗೆ ಬೆನ್ಸನ್‌ಟೌನ್ ಪಕ್ಕದ ಪಾಟರಿ ಟೌನ್ ಇದೆ. ಮಣ್ಣಿಗೆ ದುಡ್ಡು ಕೊಟ್ಟೇ ತನ್ನಿ. ಅದನ್ನು ತರಿಸಿ, ಸೋಸಿ, ತುಳಿದು ಹದ ಮಾಡಿದ್ದು ಅವರ ದುಡಿಮೆ.